ಹಳೆಯ ವಾಲ್ವ್ ರೇಡಿಯೊ ಸಾಯುವುದು ಪ್ಲಗ್ ಹಾಕಿದ ಮೊದಲ ನಿಮಿಷದಲ್ಲಿ

ಆಯುಧಪೂಜೆಗೆ ಮನೆ ಗುಡಿಸುವಾಗ ಅಟ್ಟದಿಂದ ಕೆಳಗಿಳಿಯುವ ವಸ್ತುಗಳಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ ಒಂದು. ಮರ್ಫಿಯೋ, ಫಿಲಿಪ್ಸೋ, ಬುಷ್ಷೋ, ಯಾವುದೇ ಇರಲಿ, ಧೂಳು ಒರೆಸಿದ ಕೂಡಲೇ ಮನೆಯ ಕಿರಿಯರಿಗೆ ಹುಟ್ಟುವ ಮೊದಲ ಆಸೆ ಒಂದೇ: ಪ್ಲಗ್ ಹಾಕಿ ನೋಡೋಣ, ಹಾಡುತ್ತದೆಯೇ? ಡಯಲಿನ ದೀಪ ಹತ್ತುತ್ತದೆ. ಎಲ್ಲರ ಮುಖವೂ ಅರಳುತ್ತದೆ. ಅರ್ಧ ನಿಮಿಷದಲ್ಲಿ ಗುಂಯ್ ಎನ್ನುವ ಸದ್ದು ಏರುತ್ತದೆ, ಕರಗಿದ ಮೇಣದ ವಾಸನೆ ಬರುತ್ತದೆ, ಹಿಂಬದಿಯ ರಂಧ್ರಗಳಿಂದ ಹೊಗೆಯ ಎಳೆಯೊಂದು ಹೊರಡುತ್ತದೆ. ನಲವತ್ತು ವರ್ಷ ಅಟ್ಟದಲ್ಲಿ ಸುಮ್ಮನೆ ಕುಳಿತು ಕೆಡದಿದ್ದ ಯಂತ್ರ ಆ ಅರ್ಧ ನಿಮಿಷದಲ್ಲಿ ಕೆಟ್ಟಿರುತ್ತದೆ.

ಹೀಗೆ ಕೆಡುವುದು ಬಹುತೇಕ ರೇಡಿಯೊದ ಒಂದೇ ವಿಭಾಗ. ಗೋಡೆಯ ಪ್ಲಗ್ಗಿನಿಂದ ಬಂದ ವಿದ್ಯುತ್ತನ್ನು ವಾಲ್ವುಗಳಿಗೆ ಬೇಕಾದ ರೂಪಕ್ಕೆ ತರುವ ವಿದ್ಯುತ್ ಪೂರೈಕೆಯ ಭಾಗ, ಅಂದರೆ ಪವರ್ ಸಪ್ಲೈ. ದುರಸ್ತಿ ಬಲ್ಲವರು ಅಪರಿಚಿತ ಸೆಟ್ಟನ್ನು ಎಂದೂ ನೇರವಾಗಿ ಪ್ಲಗ್ಗಿಗೆ ಸೇರಿಸುವುದಿಲ್ಲ. ಮೊದಲು ಈ ಭಾಗವನ್ನು ಹಂತ ಹಂತವಾಗಿ ಪರೀಕ್ಷಿಸಿ, ನಂತರವೇ ಪೂರ್ಣ ವಿದ್ಯುತ್ತು ಕೊಡುತ್ತಾರೆ. ಆ ಕ್ರಮ ಗೊತ್ತಿದ್ದರೆ ಸೆಟ್ಟೂ ಉಳಿಯುತ್ತದೆ, ಮುಟ್ಟುವವರ ಜೀವವೂ ಉಳಿಯುತ್ತದೆ. ಜೀವದ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ವಾಲ್ವ್ ಸೆಟ್ಟಿನೊಳಗೆ 250ರಿಂದ 350 ವೋಲ್ಟಿನವರೆಗೆ ಡಿ.ಸಿ. ವಿದ್ಯುತ್ತಿರುತ್ತದೆ.

ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ‘ಆಕಾಶವಾಣಿ’ ಆರಂಭಿಸಿದಾಗಿನಿಂದ ಟ್ರಾನ್ಸಿಸ್ಟರ್ ಮನೆಮನೆ ತಲುಪುವವರೆಗೆ ಕನ್ನಡನಾಡು ಕೇಳಿದ್ದೆಲ್ಲ ಇಂಥ ಗಾಜಿನ ವಾಲ್ವುಗಳ ಮೂಲಕವೇ. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಆರಂಭವಾದವು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಿಂದ ರೇಡಿಯೊ ವಾಲ್ವುಗಳನ್ನು ಇಲ್ಲಿಯೇ ತಯಾರಿಸತೊಡಗಿತು. ಆದ್ದರಿಂದ ನಮ್ಮ ಅಟ್ಟಗಳಲ್ಲಿ ಈಗಲೂ ಸಿಗುವ ಸೆಟ್ಟುಗಳಲ್ಲಿ ಬಿ.ಇ.ಎಲ್. ಮುದ್ರೆಯ ವಾಲ್ವುಗಳು ಕಂಡುಬಂದರೆ ಅಚ್ಚರಿಪಡಬೇಕಾಗಿಲ್ಲ.

ಒಳಗೆ ನಡೆಯುವುದೇನು?

ವಾಲ್ವಿಗೆ ಎರಡು ಬಗೆಯ ಆಹಾರ ಬೇಕು. ಒಳಗಿನ ತಂತಿಯನ್ನು ಕೆಂಪಗೆ ಕಾಯಿಸಲು ಕಡಿಮೆ ವೋಲ್ಟೇಜು, ಸಾಮಾನ್ಯವಾಗಿ 6.3 ವೋಲ್ಟ್. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಪ್ಲೇಟಿನತ್ತ ಸೆಳೆಯಲು ಹೆಚ್ಚು ವೋಲ್ಟೇಜು, ಸುಮಾರು 250 ವೋಲ್ಟ್, ಇದು ಡಿ.ಸಿ. ಆಗಿರಲೇಬೇಕು. ಮೆಕ್ಯಾನಿಕ್ಕುಗಳು ಇದನ್ನು ಎಚ್.ಟಿ. ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರು ಗೋಡೆಯ 230 ವೋಲ್ಟನ್ನು ಈ ಎರಡೂ ಪ್ರಮಾಣಕ್ಕೆ ಬದಲಾಯಿಸುತ್ತದೆ. ರೆಕ್ಟಿಫೈಯರ್ ವಾಲ್ವು ಎ.ಸಿ.ಯನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತದೆ. ಹಾಗೆ ಬಂದ ವಿದ್ಯುತ್ತು ಇನ್ನೂ ಅಲೆ ಅಲೆಯಾಗಿರುತ್ತದೆ. ಆ ಅಲೆಗಳನ್ನು ಸಮತಟ್ಟು ಮಾಡುವುದು ಫಿಲ್ಟರ್ ಕಂಡೆನ್ಸರುಗಳ ಕೆಲಸ. ಪುಸ್ತಕಗಳು ಕೆಪಾಸಿಟರ್ ಎನ್ನುವುದನ್ನು ಹಳೆಯ ರೇಡಿಯೊ ರಿಪೇರಿಯವರು ಕಂಡೆನ್ಸರ್ ಎಂದೇ ಕರೆಯುತ್ತ ಬಂದಿದ್ದಾರೆ. ಅಲ್ಯೂಮಿನಿಯಂ ಡಬ್ಬಿಯಂತಿರುವ ಇವು ಸಾಮಾನ್ಯವಾಗಿ ಎರಡಿರುತ್ತವೆ, ಹಲವು ಸೆಟ್ಟುಗಳಲ್ಲಿ ಒಂದೇ ಡಬ್ಬಿಯೊಳಗೆ ಎರಡೂ ಇರುತ್ತವೆ. ಇವುಗಳ ನಡುವೆ ಚೋಕ್ ಎಂಬ ಕಾಯಿಲ್ಲೋ ದಪ್ಪ ರೆಸಿಸ್ಟರೋ ಇರುತ್ತದೆ.

ಈ ಸರಪಳಿಯಲ್ಲಿ ವಯಸ್ಸನ್ನು ತಾಳದ ಕೊಂಡಿ ಕಂಡೆನ್ಸರು. ಅದರೊಳಗೆ ತೇವದ ರಾಸಾಯನಿಕವಿದೆ, ಅಲ್ಯೂಮಿನಿಯಂ ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರವಿದೆ. ಬಳಸದೆ ಇಟ್ಟರೆ ಪದರ ಸವೆಯುತ್ತದೆ, ರಾಸಾಯನಿಕ ಒಣಗುತ್ತದೆ. ಇಂಥ ಕಂಡೆನ್ಸರಿಗೆ ಒಮ್ಮೆಲೇ ಮುನ್ನೂರು ವೋಲ್ಟ್ ಕೊಟ್ಟರೆ ಅದು ವಿದ್ಯುತ್ತನ್ನು ಹಿಡಿದಿಡುವ ಬದಲು ಹರಿಯಬಿಡುತ್ತದೆ. ಆಗ ರೆಕ್ಟಿಫೈಯರಿನ ಮೇಲೂ, ಅದರ ಹಿಂದಿರುವ ಟ್ರಾನ್ಸ್‌ಫಾರ್ಮರಿನ ಮೇಲೂ ತಡೆಯಲಾರದ ಹೊರೆ ಬೀಳುತ್ತದೆ. ಕೆಲವು ಹತ್ತು ರೂಪಾಯಿಗಳ ಬಿಡಿಭಾಗವೊಂದು, ಇಂದು ಯಾವ ಅಂಗಡಿಯಲ್ಲೂ ಸಿಗದ ಟ್ರಾನ್ಸ್‌ಫಾರ್ಮರನ್ನು ಸುಡುವುದು ಹೀಗೆ.

ಮೊದಲು ಸೆಟ್ಟಿನ ಜಾತಿ ತಿಳಿಯಬೇಕು

ಎಲ್ಲ ಸೆಟ್ಟುಗಳಲ್ಲೂ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕೋಲ್ಕತ್ತ, ಮುಂಬಯಿಗಳ ಕೆಲವು ಭಾಗಗಳಲ್ಲಿ ಹಿಂದೆ ಮನೆಗಳಿಗೆ ಡಿ.ಸಿ. ವಿದ್ಯುತ್ತು ಪೂರೈಕೆಯಾಗುತ್ತಿತ್ತು. ಡಿ.ಸಿ.ಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡದು. ಅದಕ್ಕಾಗಿ ಎ.ಸಿ., ಡಿ.ಸಿ. ಎರಡಕ್ಕೂ ನಡೆಯುವ ಸೆಟ್ಟುಗಳು ಬಂದವು. ಅಗ್ಗವಾದ್ದರಿಂದ ಬೇರೆಡೆಗೂ ಹರಡಿದವು. ಇವುಗಳಲ್ಲಿ ಎಲ್ಲ ವಾಲ್ವುಗಳ ಹೀಟರುಗಳನ್ನೂ ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೊಂದು ಜೋಡಿಸಲಾಗಿರುತ್ತದೆ. ಯು.ಸಿ.ಎಚ್.42, ಯು.ಎಫ್.41, ಯು.ಬಿ.ಸಿ.41, ಯು.ಎಲ್.41, ಯು.ವೈ.41 ಎಂಬ ಐದು ವಾಲ್ವುಗಳ ಸೆಟ್ಟನ್ನು ನೋಡಿದರೆ ಇವಕ್ಕೆ ಕ್ರಮವಾಗಿ 14, 12.6, 14, 45, 31 ವೋಲ್ಟ್ ಬೇಕು. ಒಟ್ಟು 116.6 ವೋಲ್ಟ್. ಉಳಿದ ನೂರಹದಿಮೂರು ವೋಲ್ಟನ್ನು ಒಂದು ದೊಡ್ಡ ರೆಸಿಸ್ಟರು ಬಿಸಿಯಾಗಿ ಕಳೆಯುತ್ತದೆ. ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಆರುವಂತೆ, ಇಲ್ಲಿ ಒಂದು ವಾಲ್ವಿನ ಹೀಟರು ತುಂಡಾದರೂ ಐದೂ ಆರುತ್ತವೆ. ಟ್ರಾನ್ಸ್‌ಫಾರ್ಮರ್ ಸೆಟ್ಟಿನಲ್ಲಾದರೆ ಕೆಟ್ಟ ವಾಲ್ವೊಂದೇ ಕತ್ತಲಾಗುತ್ತದೆ. ಹೀಗಾಗಿ ಇಡೀ ಸೆಟ್ಟು ಕತ್ತಲಾಗಿದ್ದರೆ ಎಲ್ಲ ವಾಲ್ವುಗಳೂ ಸತ್ತಿವೆ ಎಂದು ನಿರಾಶರಾಗಬೇಕಾಗಿಲ್ಲ. ಮಲ್ಟಿಮೀಟರಿನಲ್ಲಿ ಪ್ರತಿಯೊಂದರ ಹೀಟರ್ ಕಾಲುಗಳ ನಡುವಿನ ರೆಸಿಸ್ಟೆನ್ಸ್ ಅಳೆದರೆ ತುಂಡಾದದ್ದು ಸಿಕ್ಕಿಬೀಳುತ್ತದೆ.

ಈ ಜಾತಿಯ ಸೆಟ್ಟುಗಳಲ್ಲಿ ಭಯಪಡಬೇಕಾದದ್ದು ಬೇರೆಯೇ ಇದೆ. ಬಿಡಿಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಯಾದ ಚಾಸಿಗೆ ಇಲ್ಲಿ ಗೋಡೆಯ ವಿದ್ಯುತ್ತಿನ ಒಂದು ತಂತಿ ನೇರವಾಗಿ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಒಂದು ದಿಕ್ಕಿಗೆ ಹಾಕಿದರೆ ಚಾಸಿಗೆ ನ್ಯೂಟ್ರಲ್, ತಿರುಗಿಸಿ ಹಾಕಿದರೆ ಫೇಸ್! ಕಳಚಿಹೋದ ನಾಬಿನ ಲೋಹದ ದಂಡವನ್ನು, ನಾಬಿನ ಸ್ಕ್ರೂವನ್ನು, ಕೆಳಭಾಗದ ಬೋಲ್ಟನ್ನು ಮುಟ್ಟಿದರೂ ಪೂರ್ತಿ 230 ವೋಲ್ಟಿನ ಹೊಡೆತ ಬೀಳುತ್ತದೆ. ಇಂಥ ಸೆಟ್ಟಿನ ಚಾಸಿಗೆ ಅರ್ತ್ ತಂತಿ ಕಟ್ಟುವುದೂ ಅಪಾಯ. ಪ್ಲಗ್ ತಿರುಗಿದರೆ ನೇರ ಶಾರ್ಟ್ ಆಗುತ್ತದೆ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇದರ ಹಿಂಬದಿಯ ಹಲಗೆಯನ್ನು ತೆಗೆಯಲೇಬಾರದು.

ಟ್ರಾನ್ಸ್‌ಫಾರ್ಮರ್ ಕಣ್ಣಿಗೆ ಕಂಡ ಮಾತ್ರಕ್ಕೆ ಸೆಟ್ಟು ಸುರಕ್ಷಿತ ಎನ್ನುವಂತೆಯೂ ಇಲ್ಲ. ಕೆಲವು ಅಗ್ಗದ ಸೆಟ್ಟುಗಳಲ್ಲಿ ಆಟೊ ಟ್ರಾನ್ಸ್‌ಫಾರ್ಮರ್ ಇದ್ದು ಚಾಸಿಗೆ ವಿದ್ಯುತ್ತು ಬಂದೇ ಬರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಪ್ಲಗ್ಗನ್ನು ಗೋಡೆಯಿಂದ ಪೂರ್ಣವಾಗಿ ತೆಗೆದು, ಸೆಟ್ಟಿನ ಸ್ವಿಚ್ಚನ್ನು ಆನ್ ಸ್ಥಿತಿಯಲ್ಲಿಟ್ಟು, ಪ್ಲಗ್ಗಿನ ಒಂದೊಂದು ಪಿನ್ನಿಗೂ ಚಾಸಿಗೂ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಎರಡೂ ಕಡೆ ಲಕ್ಷಾಂತರ ಓಮ್ ತೋರಿದರೆ ಚಾಸಿ ಬೇರ್ಪಟ್ಟಿದೆ. ಯಾವುದಾದರೂ ಒಂದು ಕಡೆ ಸೊನ್ನೆಯೋ ಕೆಲವು ನೂರು ಓಮೋ ತೋರಿದರೆ ಚಾಸಿಯಲ್ಲಿ ಕರೆಂಟು ಇದ್ದೇ ಇರುತ್ತದೆ ಎಂದು ತಿಳಿಯಬೇಕು.

ಕರೆಂಟಿಲ್ಲದ ಹಳ್ಳಿಗಳಿಗಾಗಿ ತಯಾರಾದ ಬ್ಯಾಟರಿ ಸೆಟ್ಟುಗಳೂ ಇದ್ದವು. ಇವುಗಳ ವಾಲ್ವುಗಳಿಗೆ ಬೇಕಾದದ್ದು 1.4 ವೋಲ್ಟ್, ಎಚ್.ಟಿ.ಗೆ 90 ವೋಲ್ಟಿನ ಬ್ಯಾಟರಿ. ವಾಲ್ವುಗಳ ಹೆಸರು ‘ಡಿ’ ಅಕ್ಷರದಿಂದ ಆರಂಭವಾಗಿದ್ದರೆ ಗೋಡೆಯ ವಿದ್ಯುತ್ತಿನ ಯೋಚನೆಯನ್ನೇ ಬಿಡುವುದು ಕ್ಷೇಮ.

ಕಣ್ಣು, ಮೂಗು ಮತ್ತು ಟ್ಯಾಪ್

ವಿದ್ಯುತ್ತು ಕೊಡುವ ಮುನ್ನ ಕೆಲಸ ಮಾಡಬೇಕಾದದ್ದು ಕಣ್ಣು ಮತ್ತು ಮೂಗು. ಆ ಕಾಲದ ತಂತಿಗಳ ಹೊದಿಕೆ ಹೆಚ್ಚಾಗಿ ರಬ್ಬರಿನದು. ಬಗ್ಗಿಸಿದರೆ ಪುಡಿ ಪುಡಿಯಾಗಿ ಉದುರುತ್ತದೆ. ಇಲಿ ಕಡಿದ ಗುರುತು, ಗೂಡು, ಜಿರಳೆಯ ಹಿಕ್ಕೆ ಇವೆಲ್ಲ ಮಾಮೂಲು. ಮುಖ್ಯ ವೈರನ್ನು ಯೋಚಿಸದೆ ಬದಲಾಯಿಸಬೇಕು. ಟ್ರಾನ್ಸ್‌ಫಾರ್ಮರಿನ ಕೆಳಗೆ ಕಪ್ಪು ಅಂಟು ಸುರಿದಿದ್ದರೆ, ಸುಟ್ಟ ವಾರ್ನಿಷಿನ ವಾಸನೆ ಇದ್ದರೆ, ಹಿಂದೊಮ್ಮೆ ಅದು ಬೆಂದಿದೆ ಎಂದರ್ಥ. ಕಂಡೆನ್ಸರ್ ಡಬ್ಬಿ ಉಬ್ಬಿದ್ದರೆ ಅಥವಾ ಬುಡದಲ್ಲಿ ಬಿಳಿಯ ಪುಡಿ ಕಟ್ಟಿದ್ದರೆ ಅದರ ಕತೆ ಮುಗಿದಿದೆ. ವಾಲ್ವುಗಳ ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಕಲೆ ಇದ್ದರೆ ಸರಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ, ಆ ವಾಲ್ವು ಉಪಯೋಗಕ್ಕಿಲ್ಲ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ವೋಲ್ಟೇಜ್ ಟ್ಯಾಪ್. ಹಿಂಬದಿಯಲ್ಲಿ 200, 220, 245 ಎಂದು ಬರೆದ ಸಣ್ಣ ಪ್ಲಗ್ಗೋ ಸ್ಕ್ರೂವೋ ಇರುತ್ತದೆ. ಬಲ್ಬುಗಳು ಮಿಣುಕುತ್ತಿದ್ದ ಊರುಗಳಲ್ಲಿ ರೇಡಿಯೊ ಚೆನ್ನಾಗಿ ಹಾಡಲೆಂದು ಇದನ್ನು ಕೆಳಗಿನ ಅಂಕಿಗೆ ಸರಿಸಿರುವ ಸಂಭವವುಂಟು. ಇಂದು ನಗರದ ಮನೆಯಲ್ಲಿ ರಾತ್ರಿಯ ಹೊತ್ತು ಗೋಡೆಯಲ್ಲಿ 240 ವೋಲ್ಟ್ ಇದ್ದು, ಟ್ಯಾಪು 200ರಲ್ಲಿದ್ದರೆ ಒಳಗಿನ ಪ್ರತಿ ವೋಲ್ಟೇಜೂ ಶೇ 20ರಷ್ಟು ಏರುತ್ತದೆ. 6.3 ವೋಲ್ಟ್ ಬೇಕಾದ ಹೀಟರಿಗೆ 7.5ಕ್ಕೂ ಹೆಚ್ಚು ಸಿಗುತ್ತದೆ. ಟ್ಯಾಪನ್ನು 245ಕ್ಕೆ ಹಾಕಲು ಒಂದು ಸ್ಕ್ರೂಡ್ರೈವರ್ ಮತ್ತು ಒಂದು ನಿಮಿಷ ಸಾಕು. ಇಡೀ ದುರಸ್ತಿಯಲ್ಲಿ ಇಷ್ಟು ಅಗ್ಗದ ಲಾಭ ಇನ್ನೊಂದಿಲ್ಲ.

ಸೀರೀಸ್ ಬಲ್ಬಿನ ಸಾಕ್ಷಿ

ಇನ್ನು ವಿದ್ಯುತ್ತು ಕೊಡಬಹುದು, ಆದರೆ ನೇರವಾಗಿ ಅಲ್ಲ. ಹಳೆಯ ರಿಪೇರಿ ಅಂಗಡಿಗಳಲ್ಲೆಲ್ಲ ಕಾಣುತ್ತಿದ್ದ ಸೀರೀಸ್ ಬೋರ್ಡ್ ಇಲ್ಲಿ ಬೇಕು. ಫೇಸ್ ತಂತಿಯನ್ನು ಕತ್ತರಿಸಿ ನಡುವೆ 60 ವಾಟಿನ ಬಲ್ಬೊಂದನ್ನು ಜೋಡಿಸಿದ ಪ್ಲಗ್ ಪಾಯಿಂಟ್ ಅದು. ಬಲ್ಬು ತಂತಿ ಉರಿಯುವ ಹಳೆಯ ಬಗೆಯದೇ ಆಗಿರಬೇಕು. ಎಲ್‌ಇಡಿ, ಸಿಎಫ್‌ಎಲ್‌ಗಳು ಈ ಕೆಲಸಕ್ಕೆ ಬಾರವು. ಸೆಟ್ಟಿನೊಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಪೂರ್ತಿ ವೋಲ್ಟೇಜು ಬಲ್ಬಿನ ಮೇಲೆ ಬಿದ್ದು ಅದು ಪ್ರಖರವಾಗಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಬಲ್ಬು ಮಂದವಾಗಿಯೇ ಇರುತ್ತದೆ. ಕೆಲವು ಸಾವಿರ ರೂಪಾಯಿಗಳ ಉಪಕರಣ ಹೇಳುವ ಮಾತನ್ನು ಈ ಬಲ್ಬು ಒಂದೇ ನೋಟದಲ್ಲಿ ಹೇಳುತ್ತದೆ.

ಟ್ರಾನ್ಸ್‌ಫಾರ್ಮರ್ ಸೆಟ್ಟಾದರೆ ಮೊದಲ ಪರೀಕ್ಷೆ ಎಲ್ಲ ವಾಲ್ವುಗಳನ್ನೂ ಕಳಚಿ. ಯಾವುದು ಎಲ್ಲಿತ್ತು ಎಂದು ಕಾಗದದಲ್ಲಿ ಬರೆದುಕೊಂಡಿರಬೇಕು, ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿರಬೇಕು. ಈಗ ಟ್ರಾನ್ಸ್‌ಫಾರ್ಮರಿನ ಮೇಲೆ ಡಯಲ್ ದೀಪಗಳ ಹೊರತು ಬೇರೆ ಹೊರೆಯಿಲ್ಲ. ಸೀರೀಸ್ ಬಲ್ಬು ಉರಿಯಬಾರದು, ಹೆಚ್ಚೆಂದರೆ ತಂತಿ ಕೆಂಪಗೆ ಕಂಡೀತು. ಪ್ರಖರವಾಗಿ ಉರಿದರೆ ಟ್ರಾನ್ಸ್‌ಫಾರ್ಮರಿನ ಸುತ್ತುಗಳೇ ಒಂದಕ್ಕೊಂದು ತಗುಲಿವೆ, ಇಲ್ಲವೇ ಅದಕ್ಕೆ ಸೇರಿದ ತಂತಿಗಳ ಹೊದಿಕೆ ಉದುರಿ ಶಾರ್ಟ್ ಆಗಿದೆ. ಎರಡನೆಯದೇ ಆಗಿರಲಿ ಎಂದು ಹಾರೈಸುತ್ತ ಒಂದೊಂದೇ ತಂತಿಯನ್ನು ಬಿಡಿಸಿ ನೋಡಬೇಕು. ಅರ್ಧ ಗಂಟೆ ಹೀಗೇ ಬಿಟ್ಟು, ಪ್ಲಗ್ ತೆಗೆದು ಕೈಯಿಟ್ಟು ನೋಡಿದಾಗ ಟ್ರಾನ್ಸ್‌ಫಾರ್ಮರ್ ತಣ್ಣಗೋ ಉಗುರುಬೆಚ್ಚಗೋ ಇದ್ದರೆ ದೊಡ್ಡ ಗಂಡಾಂತರ ಕಳೆಯಿತು.

ಎರಡನೆಯ ಹಂತದಲ್ಲಿ ರೆಕ್ಟಿಫೈಯರನ್ನು ಬಿಟ್ಟು ಉಳಿದ ವಾಲ್ವುಗಳನ್ನು ಹಾಕಬೇಕು. ಹೀಟರುಗಳು ಕಾಯುತ್ತವೆ, ಬಲ್ಬು ಸ್ವಲ್ಪ ಹೆಚ್ಚು ಉರಿಯುತ್ತದೆ, ಎಚ್.ಟಿ. ಮಾತ್ರ ಹುಟ್ಟುವುದಿಲ್ಲ. ಈಗ ರೆಕ್ಟಿಫೈಯರ್ ಸಾಕೆಟ್ಟಿನ ಎರಡು ಆನೋಡ್ ಕಾಲುಗಳಿಂದ ಟ್ರಾನ್ಸ್‌ಫಾರ್ಮರಿನ ನಡುತಂತಿಗೆ ಎ.ಸಿ. ವೋಲ್ಟ್ ಅಳೆಯಬಹುದು. ಸೀರೀಸ್ ಬಲ್ಬಿನಿಂದಾಗಿ ಅಂಕಿ ಕಡಿಮೆ ಬರುತ್ತದೆ, ಅದಕ್ಕೆ ಚಿಂತೆ ಬೇಡ. ಎರಡೂ ಕಡೆ ಸಮವಾಗಿ ಬರಬೇಕು ಎಂಬುದಷ್ಟೇ ಮುಖ್ಯ. ಒಂದು ಕಡೆ ಸೊನ್ನೆಯಾದರೆ ಆ ಸುತ್ತು ತುಂಡಾಗಿದೆ.

ಎ.ಸಿ.-ಡಿ.ಸಿ. ಸೆಟ್ಟುಗಳಲ್ಲಿ ಈ ಆಟ ನಡೆಯದು. ಅಲ್ಲಿ ಒಂದು ವಾಲ್ವ್ ತೆಗೆದರೂ ಸಾಲೇ ತುಂಡಾಗುವುದರಿಂದ ಮೀಟರಿನಲ್ಲೇ ಎಲ್ಲವನ್ನೂ ನೋಡಿಕೊಂಡು ಸೀರೀಸ್ ಬಲ್ಬಿಗೆ ಹೋಗಬೇಕಾಗುತ್ತದೆ.

ಕಂಡೆನ್ಸರ್: ಉಳಿಸುವುದೇ, ಬದಲಿಸುವುದೇ?

ರೆಕ್ಟಿಫೈಯರ್ ಹಾಕುವ ಮುನ್ನ ಕಂಡೆನ್ಸರುಗಳ ಇತ್ಯರ್ಥವಾಗಬೇಕು. ಪ್ಲಗ್ ತೆಗೆದ ಮೇಲೂ ಇವುಗಳಲ್ಲಿ ವಿದ್ಯುತ್ತು ಉಳಿದಿರಬಹುದು ಎಂಬುದನ್ನು ಮರೆಯುವಂತಿಲ್ಲ. ಸ್ಕ್ರೂಡ್ರೈವರಿನಿಂದ ಟಪ್ಪೆಂದು ಶಾರ್ಟ್ ಮಾಡುವ ಅಭ್ಯಾಸ ಹಲವರಿಗಿದೆ. ಕಿಡಿ ಹಾರುವುದಲ್ಲದೆ ಕಂಡೆನ್ಸರಿಗೂ ಪೆಟ್ಟು ಬೀಳುತ್ತದೆ. ಸುಮಾರು 5 ಸಾವಿರ ಓಮಿನ, 5 ವಾಟಿನ ರೆಸಿಸ್ಟರೊಂದನ್ನು ಹೊದಿಕೆಯಿರುವ ತಂತಿಗಳಿಂದ ಕೆಲವು ಕ್ಷಣ ತಾಗಿಸಿ, ನಂತರ ಮೀಟರಿನಲ್ಲಿ ಸೊನ್ನೆ ಬಂದದ್ದನ್ನು ನೋಡಿಯೇ ಕೈ ಹಾಕಬೇಕು.

ನಂತರ ಎಚ್.ಟಿ. ತಂತಿಗೂ ಚಾಸಿಗೂ ನಡುವಿನ ರೆಸಿಸ್ಟೆನ್ಸ್ ಅಳೆದಾಗ ಅಂಕಿ ನಿಧಾನವಾಗಿ ಏರುತ್ತ ಹತ್ತಾರು ಸಾವಿರ ಓಮ್ ದಾಟಿದರೆ ಒಳ್ಳೆಯ ಲಕ್ಷಣ. ಕೆಲವೇ ನೂರು ಓಮಿನಲ್ಲಿ ನಿಂತರೆ ಶಾರ್ಟ್. ಆದರೆ ಮೀಟರಿನ ಒಂದೆರಡು ವೋಲ್ಟಿಗೆ ಒಳ್ಳೆಯದೆನಿಸಿದ ಕಂಡೆನ್ಸರು ಮುನ್ನೂರು ವೋಲ್ಟಿಗೆ ಕೈಕೊಡುವುದು ಹೊಸತೇನಲ್ಲ.

ಹಳೆಯದನ್ನೇ ಉಳಿಸಬೇಕೆನ್ನುವವರು ‘ರೀಫಾರ್ಮಿಂಗ್’ ಮಾಡುತ್ತಾರೆ. ದೊಡ್ಡ ರೆಸಿಸ್ಟರಿನ ಮೂಲಕ ವೋಲ್ಟೇಜನ್ನು ಗಂಟೆಗಟ್ಟಲೆ ನಿಧಾನವಾಗಿ ಏರಿಸಿ, ಸವೆದ ಆಕ್ಸೈಡ್ ಪದರ ಮತ್ತೆ ಬೆಳೆಯುವಂತೆ ಮಾಡುವ ವಿಧಾನವಿದು. ವೇರಿಯಾಕ್ ಎಂಬ ಉಪಕರಣದಿಂದ ಇಡೀ ಸೆಟ್ಟಿನ ವೋಲ್ಟೇಜನ್ನು ಸೊನ್ನೆಯಿಂದ ಏರಿಸಿದರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ವಾಲ್ವ್ ರೆಕ್ಟಿಫೈಯರ್ ಇರುವ ಸೆಟ್ಟಿನಲ್ಲಿ ಇದು ಅಂದುಕೊಂಡಂತೆ ನಡೆಯುವುದಿಲ್ಲ. ಹೀಟರು ಸಾಕಷ್ಟು ಕಾಯುವವರೆಗೆ ರೆಕ್ಟಿಫೈಯರು ವಿದ್ಯುತ್ತನ್ನೇ ಬಿಡದು. ಕಾದ ಮೇಲೆ ಒಮ್ಮೆಲೇ ಬಿಡುತ್ತದೆ. ರೀಫಾರ್ಮಿಂಗಿಗೆ ಬೇರೆಯೇ ಡಿ.ಸಿ. ಮೂಲ ಬೇಕು. ಇಷ್ಟೆಲ್ಲ ಮಾಡಿ ಉಳಿಸಿದ ಅರವತ್ತು ವರ್ಷದ ಕಂಡೆನ್ಸರಿನ ಮೇಲೆ ಟ್ರಾನ್ಸ್‌ಫಾರ್ಮರಿನ ಹಣೆಬರಹ ಬಿಡುವುದಕ್ಕಿಂತ ಹೊಸದನ್ನು ಹಾಕುವುದೇ ವಿವೇಕ. ಹಳೆಯ ಡಬ್ಬಿಯನ್ನು ಅಂದಕ್ಕಾಗಿ ಅಲ್ಲೇ ಬಿಟ್ಟು, ಅದರ ತಂತಿಗಳನ್ನು ಪೂರ್ಣವಾಗಿ ಬೇರ್ಪಡಿಸಿ, ಹೊಸ ಸಣ್ಣ ಕಂಡೆನ್ಸರುಗಳನ್ನು ಚಾಸಿಯ ಕೆಳಗೆ ಅಡಗಿಸಬಹುದು. ಹಳೆಯದನ್ನು ಬಿಚ್ಚದೆ ಹೊಸದನ್ನು ಪಕ್ಕದಲ್ಲಿ ಬೆಸೆಯುವುದು ತಪ್ಪು.

450 ವೋಲ್ಟಿನ ಹೊಸ ಕಂಡೆನ್ಸರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಸಾಮರ್ಥ್ಯ ಹಳೆಯದಕ್ಕೆ ಸಮೀಪವಿರಬೇಕು. ಹೆಚ್ಚಾದರೆ ಗುಂಯ್ ಸದ್ದು ಇನ್ನೂ ಕಡಿಮೆಯಾದೀತೆಂದು ನೂರು ಮೈಕ್ರೊಫ್ಯಾರಡಿನದನ್ನು ಹಾಕುವ ಉತ್ಸಾಹಿಗಳಿದ್ದಾರೆ. ರೆಕ್ಟಿಫೈಯರಿನ ಪಕ್ಕದ ಮೊದಲ ಕಂಡೆನ್ಸರಿಗೆ ಮಿತಿಯುಂಟು, ಇ.ಜೆಡ್.80 ವಾಲ್ವಿಗೆ ಅದು 50 ಮೈಕ್ರೊಫ್ಯಾರಡ್. ಮೀರಿದರೆ ಪ್ರತಿ ಅಲೆಯಲ್ಲೂ ಕಂಡೆನ್ಸರ್ ತುಂಬಿಸುವ ಹೊರೆಗೆ ವಾಲ್ವು ಬೇಗ ಸವೆಯುತ್ತದೆ.

ಇನ್ನೊಂದು ಬಲೆಯಿದೆ. ಎಲ್ಲ ಕಂಡೆನ್ಸರುಗಳ ಋಣ ತುದಿಯೂ ಚಾಸಿಗೆ ಸೇರಿರುತ್ತದೆ ಎಂದು ಭಾವಿಸಬಾರದು. ಕೆಲವು ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರಿನ ನಡುತಂತಿಗೂ ಚಾಸಿಗೂ ನಡುವೆ ಒಂದು ಸಣ್ಣ ರೆಸಿಸ್ಟರ್ ಇದ್ದು, ಮೊದಲ ಕಂಡೆನ್ಸರಿನ ಋಣ ತುದಿ ನಡುತಂತಿಗೆ ಹೋಗಿರುತ್ತದೆ. ಡಬ್ಬಿಯ ಬುಡದಲ್ಲಿ ಕಾಗದದ ವಾಷರ್ ಇದ್ದರೆ ಅದೇ ಸುಳಿವು.

ಗುಂಯ್ ಎನ್ನುವ ಸದ್ದು ಎಲ್ಲಿಂದ?

ಈಗ ರೆಕ್ಟಿಫೈಯರ್ ಹಾಕಿ, ಸ್ಪೀಕರ್ ಜೋಡಿಸಿ, ಸೀರೀಸ್ ಬಲ್ಬಿನ ಮೂಲಕವೇ ಆನ್ ಮಾಡಬೇಕು. ಬಲ್ಬು ಮೊದಲು ಹೊಳೆದು, ಮಂದವಾಗಿ, ಹೀಟರುಗಳು ಕಾದಂತೆ ಮತ್ತೆ ಸ್ವಲ್ಪ ಏರಿ ನಿಲ್ಲುತ್ತದೆ. ಏರುತ್ತಲೇ ಹೋದರೆ ಕೂಡಲೇ ಆಫ್. ರೆಕ್ಟಿಫೈಯರಿನ ಲೋಹದ ಪ್ಲೇಟು ಕೆಂಪಗೆ ಕಾದರೆ, ಒಳಗೆ ನೇರಳೆ ಮಿಶ್ರಿತ ಗುಲಾಬಿ ಬೆಳಕು ಕಂಡರೆ ಅದೂ ಅಪಾಯದ ಸೂಚನೆ. ಗಾಜಿನ ಒಳಮೈಯಲ್ಲಿ ತೆಳು ನೀಲಿ ಬೆಳಕು ಕಂಡರೆ ಹೆದರಬೇಕಾಗಿಲ್ಲ. ಎಲ್ಲ ಸರಿಯಿದ್ದರೆ 100 ವಾಟಿನ ಬಲ್ಬು, ಅನಂತರ ನೇರ ವಿದ್ಯುತ್ತು.

ಸ್ಪೀಕರ್ ಜೋಡಿಸಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. 1930, 40ರ ದಶಕದ ಎಷ್ಟೋ ಸೆಟ್ಟುಗಳಲ್ಲಿ ಸ್ಪೀಕರಿನ ಒಳಗಿನ ವಿದ್ಯುತ್ಕಾಂತದ ಸುರುಳಿಯೇ ಪವರ್ ಸಪ್ಲೈನ ಚೋಕ್ ಕೂಡ ಆಗಿರುತ್ತದೆ. ಸ್ಪೀಕರ್ ಕಳಚಿದರೆ ಎಚ್.ಟಿ.ಯ ದಾರಿಯೇ ಮುಚ್ಚುತ್ತದೆ.

ಮೊದಲ ಕಂಡೆನ್ಸರಿನ ಮೇಲೆ ಸಿಗುವ ಡಿ.ಸಿ. ವೋಲ್ಟೇಜು ರೋಗವನ್ನು ಬಹುಪಾಲು ಹೇಳಿಬಿಡುತ್ತದೆ. ಆನೋಡಿಗೆ 250 ವೋಲ್ಟ್ ಎ.ಸಿ. ಬರುವ ಸಾಮಾನ್ಯ ಸೆಟ್ಟಿನಲ್ಲಿ ಇಲ್ಲಿ 250ರಿಂದ 290ರವರೆಗೆ ಇದ್ದರೆ ಆರೋಗ್ಯ. 200ರ ಆಸುಪಾಸಿಗೆ ಇಳಿದು ಗುಂಯ್ ಸದ್ದೂ ಇದ್ದರೆ ಕಂಡೆನ್ಸರ್ ಒಣಗಿದೆ. ಸದ್ದಿಲ್ಲದೆ ವೋಲ್ಟೇಜು ಮಾತ್ರ ಇಳಿದಿದ್ದರೆ ರೆಕ್ಟಿಫೈಯರ್ ಸವೆದಿದೆ, ಇಲ್ಲವೇ ಯಾರೋ ಹೆಚ್ಚು ಎಳೆಯುತ್ತಿದ್ದಾರೆ. 350ರ ಹತ್ತಿರಕ್ಕೆ ಏರಿದ್ದರೆ ಯಾರೂ ಎಳೆಯುತ್ತಿಲ್ಲ: ಔಟ್‌ಪುಟ್ ವಾಲ್ವ್ ಸತ್ತಿದೆ ಅಥವಾ ಮುಂದಿನ ದಾರಿ ತುಂಡಾಗಿದೆ. ಇಲ್ಲಿ ವೋಲ್ಟೇಜು ಇದ್ದು ಎರಡನೆಯ ಕಂಡೆನ್ಸರಿನ ಮೇಲೆ ಸೊನ್ನೆಯಾದರೆ ನಡುವಿನ ಚೋಕ್ ಅಥವಾ ರೆಸಿಸ್ಟರ್ ಹೋಗಿದೆ.

ಸದ್ದಿನ ವಿಷಯದಲ್ಲಿ ವಾಲ್ಯೂಮ್ ನಾಬೇ ಮೊದಲ ವೈದ್ಯ. ಪೂರ್ತಿ ಇಳಿಸಿದರೂ ಗುಂಯ್ ಹಾಗೇ ಇದ್ದರೆ ತಪ್ಪು ಪವರ್ ಸಪ್ಲೈ ಅಥವಾ ಔಟ್‌ಪುಟ್ ಭಾಗದ್ದು. ನಾಬಿನೊಂದಿಗೆ ಏರಿಳಿದರೆ ಅದಕ್ಕೂ ಹಿಂದಿನ ಹಂತದ್ದು. ಕೇಂದ್ರ ಸಿಕ್ಕಾಗ ಮಾತ್ರ ಕೇಳಿಬಂದರೆ ಟ್ರಾನ್ಸ್‌ಫಾರ್ಮರಿನ ಬಳಿಯಿರುವ ಸಣ್ಣ ಬೈಪಾಸ್ ಕಂಡೆನ್ಸರನ್ನು ಅನುಮಾನಿಸಬೇಕು. ಗೋಡೆಯ ವಿದ್ಯುತ್ತಿಗೆ ನೇರವಾಗಿ ಸೇರಿದ ಇಂಥ ಕಂಡೆನ್ಸರುಗಳು ಸೋರಿದರೆ ಚಾಸಿ ಜುಂ ಎನ್ನುತ್ತದೆ. ಎರಡು ತಂತಿಗಳ ನಡುವಿನದಕ್ಕೆ ಎಕ್ಸ್2, ತಂತಿಗೂ ಚಾಸಿಗೂ ನಡುವಿನದಕ್ಕೆ ವೈ2 ಗುರುತಿನವನ್ನೇ ಹಾಕಬೇಕು. ಗರಗರ, ಚಿರ್ ಎಂಬ ಸದ್ದಾದರೆ ಸೆಟ್ಟನ್ನು ಬೈಯುವ ಮುನ್ನ ಮನೆಯ ಎಲ್‌ಇಡಿ ದೀಪಗಳನ್ನೂ ಮೊಬೈಲ್ ಚಾರ್ಜರುಗಳನ್ನೂ ಒಮ್ಮೆ ಆರಿಸಿ ನೋಡುವುದು ಒಳ್ಳೆಯದು. ಅಜ್ಜನ ಕಾಲದಲ್ಲಿ ಇಲ್ಲದ ಶತ್ರುಗಳಿವು.

ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ

ಕಂಡೆನ್ಸರು ಹೊಸದು, ರೆಕ್ಟಿಫೈಯರು ಹೊಸದು. ಆದರೂ ಟ್ರಾನ್ಸ್‌ಫಾರ್ಮರ್ ಮುಟ್ಟಲಾರದಷ್ಟು ಕಾಯುತ್ತದೆ. ಎಷ್ಟೋ ಸೆಟ್ಟುಗಳ ದುರಸ್ತಿ ಸೋಲುವುದು ಇಲ್ಲಿ. ಅಪರಾಧಿ ಪವರ್ ಸಪ್ಲೈಯಲ್ಲಿ ಇರುವುದೇ ಇಲ್ಲ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಸೇರಿದ, 0.01 ಮೈಕ್ರೊಫ್ಯಾರಡಿನಷ್ಟು ಸಣ್ಣ ಕಪ್ಲಿಂಗ್ ಕಂಡೆನ್ಸರು ಅದು. ಮೇಣದಲ್ಲಿ ಅದ್ದಿದ ಕಾಗದದ ಈ ಕಂಡೆನ್ಸರು ತೇವ ಹೀರಿ ಸೋರತೊಡಗಿದರೆ ಹಿಂದಿನ ವಾಲ್ವಿನ ಪ್ಲೇಟ್ ವೋಲ್ಟೇಜು ಗ್ರಿಡ್ಡಿಗೆ ಜಿನುಗುತ್ತದೆ. ಸೊನ್ನೆಯಲ್ಲೋ ಋಣದಲ್ಲೋ ಇರಬೇಕಾದ ಗ್ರಿಡ್ ಒಂದೆರಡು ವೋಲ್ಟ್ ಧನಕ್ಕೆ ಏರಿದರೂ ವಾಲ್ವು ಹಿಡಿತವಿಲ್ಲದೆ ವಿದ್ಯುತ್ತನ್ನು ಎಳೆಯುತ್ತದೆ. ರೇಡಿಯೊ ಹಾಡುತ್ತಲೇ ಇರುತ್ತದೆ, ಸ್ವಲ್ಪ ಒಡಕು ದನಿ ಬಂದೀತು ಅಷ್ಟೆ. ಹಾಡುತ್ತಿದೆಯಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಒಳಗೆ ಔಟ್‌ಪುಟ್ ವಾಲ್ವು, ರೆಕ್ಟಿಫೈಯರು, ಟ್ರಾನ್ಸ್‌ಫಾರ್ಮರು ಮೂರೂ ಬೇಯುತ್ತಿರುತ್ತವೆ. ಆದ್ದರಿಂದ ಪರೀಕ್ಷೆಗೂ ಕಾಯದೆ ಈ ಒಂದು ಕಂಡೆನ್ಸರನ್ನು 400 ವೋಲ್ಟ್ ಅಥವಾ ಅದಕ್ಕೂ ಮೇಲಿನ ಹೊಸದಕ್ಕೆ ಬದಲಿಸಿಬಿಡುವುದು ಲೇಸು.

ರೆಕ್ಟಿಫೈಯರ್ ವಾಲ್ವು ಸಿಗದಿದ್ದಾಗ ಅಗ್ಗದ 1ಎನ್4007 ಡಯೋಡುಗಳನ್ನು ಹಾಕುವ ಜಾಣತನವೂ ಚಾಲ್ತಿಯಲ್ಲಿದೆ. ಡಯೋಡು ಸ್ವಿಚ್ ಒತ್ತಿದ ಕ್ಷಣದಲ್ಲೇ ಕೆಲಸಕ್ಕಿಳಿಯುತ್ತದೆ. ಉಳಿದ ವಾಲ್ವುಗಳು ಇನ್ನೂ ಕಾದಿರುವುದಿಲ್ಲ. 250 ವೋಲ್ಟ್ ಎ.ಸಿ.ಯ ಶಿಖರ 353 ವೋಲ್ಟ್. ಆ ಪೂರ್ತಿ ವೋಲ್ಟೇಜು 350 ವೋಲ್ಟಿನ ಹಳೆಯ ಕಂಡೆನ್ಸರುಗಳ ಮೇಲೆ ಬೀಳುತ್ತದೆ. ವಾಲ್ವು ಸಿಗುವುದೇ ಇಲ್ಲವೆಂದಾದರೆ ಮಾತ್ರ, ವೋಲ್ಟೇಜನ್ನು ಮೊದಲಿನ ಮಟ್ಟಕ್ಕೆ ಇಳಿಸುವ ರೆಸಿಸ್ಟರ್ ಸಹಿತ ಈ ದಾರಿ ಹಿಡಿಯಬಹುದು.

ಹೆಚ್ಚಿನ ಹಳೆಯ ಸೆಟ್ಟುಗಳಲ್ಲಿ ಫ್ಯೂಸೇ ಇಲ್ಲ. ಸಾಮಾನ್ಯ ಸೆಟ್ಟು ಬಳಸುವುದು 40ರಿಂದ 50 ವಾಟ್, ಅಂದರೆ ಸುಮಾರು 0.2 ಆಂಪಿಯರ್. ಫೇಸ್ ತಂತಿಯಲ್ಲಿ ನಿಧಾನವಾಗಿ ಕರಗುವ ಬಗೆಯ ಅರ್ಧ ಆಂಪಿಯರ್ ಫ್ಯೂಸ್ ಹಾಕಿಬಿಟ್ಟರೆ ಮುಂದಿನ ಆಪತ್ತಿಗೆ ಕಾವಲು. ಚಾಸಿ ಬೇರ್ಪಟ್ಟಿದೆ ಎಂದು ಮೀಟರಿನಲ್ಲಿ ಖಚಿತವಾದ ಸೆಟ್ಟಿಗೆ ಮೂರು ಪಿನ್ನಿನ ಪ್ಲಗ್ ಹಾಕಿ ಚಾಸಿಗೆ ಅರ್ತ್ ಕೊಡಬೇಕು.

ಇಷ್ಟಾಗಿಯೂ ಟ್ರಾನ್ಸ್‌ಫಾರ್ಮರ್ ಮೊದಲೇ ಸುಟ್ಟಿದ್ದರೆ? ಅದನ್ನು ಬಿಚ್ಚಿ ಗುಜರಿಗೆ ಹಾಕುವುದು ಮಾತ್ರ ಸಲ್ಲದು. ಟ್ರಾನ್ಸ್‌ಫಾರ್ಮರ್ ಸುತ್ತುವ ಕುಶಲಕರ್ಮಿಗಳು ನಗರಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಿಗೆ ಬೇಕಾದದ್ದು ಹಳೆಯ ಟ್ರಾನ್ಸ್‌ಫಾರ್ಮರೇ: ಅದರ ಕಬ್ಬಿಣದ ಪಟ್ಟಿಗಳು, ಬಿಚ್ಚುತ್ತ ಎಣಿಸಿದ ಸುತ್ತುಗಳು, ತಂತಿಯ ದಪ್ಪ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿತ್ತು, ಸೆಟ್ಟಿನಲ್ಲಿ ಯಾವ ಯಾವ ವಾಲ್ವುಗಳಿವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಟ್ರಾನ್ಸ್‌ಫಾರ್ಮರಿಗೇ ಕಟ್ಟಿ ಕೊಟ್ಟರೆ ಅವರ ಅರ್ಧ ಕೆಲಸ ಆದಂತೆ. ಸುತ್ತಿ ಬಂದ ಟ್ರಾನ್ಸ್‌ಫಾರ್ಮರಿಗೂ ಮೊದಲ ವಿದ್ಯುತ್ತು ಸೀರೀಸ್ ಬಲ್ಬಿನ ಮೂಲಕವೇ.